ಚಿಗವ್ವ ಲಾರಿಯ ಕ್ರಾಸ್ ಬದಲಿಸಿದ ದಿನ

ಹೋದ ತಿಂಗಳು ಕೊಪ್ಪಳದ ನಮ್ಮ ಮನೆಯ ಗೇಟು ತೆರೆದಾಗಲೆಲ್ಲ ಕಿರುಗುಟ್ಟತೊಡಗಿತು. ಎದುರಿನ ವೆಲ್ಡಿಂಗ್ ಅಂಗಡಿಯವರನ್ನು ಕೇಳಿದೆ. ಅವರು ಹಳೆಯ ಪೇಪರಿನ ತುಂಡಿನಲ್ಲಿ ಒಂದಿಷ್ಟು ಗ್ರೀಸು ಹಾಕಿಕೊಟ್ಟು, ಕೈ ಒರೆಸಿಕೊಳ್ಳಲು ಡೀಸೆಲ್ಲಿನಲ್ಲಿ ಅದ್ದಿದ ಚಿಂದಿಬಟ್ಟೆಯನ್ನೂ ಕೊಟ್ಟರು. ಕೀಲುಗಳಿಗೆ ಗ್ರೀಸು ಹಚ್ಚಿ ಆ ಬಟ್ಟೆಯಿಂದ ಬೆರಳು ಒರೆಸಿಕೊಂಡೆ. ಬಿಸಿಲಿಗೆ ಎರಡೂ ವಾಸನೆ ಬೆರೆತು ಮೂಗಿಗೆ ಬಡಿಯಿತು... ಗೇಟಿನ ಕಂಬ ಹಿಡಿದು ಹಾಗೇ ನಿಂತುಬಿಟ್ಟೆ. ನಲವತ್ತು ವರ್ಷಕ್ಕೂ ಹಿಂದೆ, ಒಂದು ಇಡೀ ಭಾನುವಾರ, ನನ್ನ ಕೈ, ತಲೆಗೂದಲು, ಸೀರೆಯ ಸೆರಗು ಎಲ್ಲವೂ ಇದೇ ವಾಸನೆ ಹೊಡೆದಿದ್ದವು. ಆ ದಿನ ನಾನು ಚಿಗವ್ವನ ಜೊತೆ ಲಾರಿಯ ಅಡಿಯಲ್ಲಿ ಮಲಗಿದ್ದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಗಂಗಾವತಿಯಲ್ಲಿ ಕಾಲುವೆ ನೀರು, ಭತ್ತದ ಗದ್ದೆ ನೋಡುತ್ತ ಬೆಳೆದ ನನಗೆ ಮೊದಲ ನೌಕರಿ ಸಿಕ್ಕಿದ್ದು ಕುಷ್ಟಗಿ ತಾಲೂಕಿನ ಒಂದು ಸಣ್ಣ ಊರಿನ ಶಾಲೆಯಲ್ಲಿ. ಯಲಬುರ್ಗಾ ತಾಲೂಕಿನ ಅಂಚಿಗಿದ್ದ ಊರು. ಸಜ್ಜೆ, ಶೇಂಗಾ ಬಿಟ್ಟರೆ ಬೇರೆ ಹಸಿರು ಕಾಣುತ್ತಿರಲಿಲ್ಲ. ಊರವರು ನನ್ನನ್ನು ಅಕ್ಕೋರು ಅನ್ನುತ್ತಿದ್ದರು. ಆ ಕಡೆ ಶಾಲೆ ಕಲಿಸುವ ಹೆಂಗಸರಿಗೆಲ್ಲ ಅದೇ ಹೆಸರು. ನನಗೆ ಬಾಡಿಗೆಗೆ ಸಿಕ್ಕಿದ್ದು ಒಂದು ಮನೆಯ ಮುಂದಿನ ಅರ್ಧ. ಹಿಂದಿನ ಅರ್ಧದಲ್ಲಿ ಚಿಗವ್ವ ಮತ್ತು ಆಕೆಯ ಗಂಡ ಇದ್ದರು. ಓಣಿಯ ಸಣ್ಣವರು ದೊಡ್ಡವರೆಲ್ಲ ಆಕೆಯನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಆಕೆಯ ಗಂಡನಿಗೆ ಕಾಕಾ ಅಂದೆ.

ಕಾಕಾ ಅವರದು ಸ್ವಂತ ಲಾರಿ. ಹಳೆಯದು. ನೀಲಿ ಬಣ್ಣ ಅಲ್ಲಲ್ಲಿ ಹಾರಿಹೋಗಿ ಒಳಗಿನ ಕೆಂಪು ಕಾಣುತ್ತಿತ್ತು. ಊರಿನಿಂದ ಶೇಂಗಾ ಚೀಲ ಹೇರಿಕೊಂಡು ಗಂಗಾವತಿಗೆ ಹೋಗಿ, ಅಲ್ಲಿಂದ ಅಕ್ಕಿ, ತೌಡು ತರುತ್ತಿದ್ದರು. ಲಾರಿ ಊರಿನಲ್ಲಿದ್ದಾಗ ಮನೆಯ ಮುಂದಿನ ಬಯಲಿನಲ್ಲಿ, ಬೇವಿನ ಗಿಡದ ಪಕ್ಕ ನಿಲ್ಲುತ್ತಿತ್ತು. ಆ ಬಯಲು ಬಾವಿಯ ಕಡೆಗೆ ಸ್ವಲ್ಪ ಇಳಿಜಾರು.

ಚಿಗವ್ವನಿಗೆ ಆಗ ನಲವತ್ತರ ಆಸುಪಾಸು ಇರಬಹುದು. ಎತ್ತರದ ಆಳು, ಮೈಯಲ್ಲಿ ಮಾಂಸವೇ ಇಲ್ಲ. ಇಳಕಲ್ ಸೀರೆ, ಸೊಂಟದಲ್ಲಿ ಎಲೆಅಡಿಕೆಯ ಚಂಚಿ. ಮಾತು ಕಡಿಮೆ. ಮಕ್ಕಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಕಾಕಾನ ಲಾರಿಯ ಕ್ಲೀನರ್ ಹೇಳದೆ ಕೇಳದೆ ಓಡಿಹೋಗಿದ್ದನಂತೆ. ಅಂದಿನಿಂದ ಎಷ್ಟೋ ವರ್ಷ ಆಕೆಯೇ ಲಾರಿಯಲ್ಲಿ ಹೋಗುತ್ತಿದ್ದಳು. ಹಿಂದೆ ಸರಿಯುವಾಗ ಕೆಳಗಿಳಿದು ಕೈ ತೋರಿಸುವುದು, ಗಾಲಿಗೆ ಕಲ್ಲು ಕೊಡುವುದು, ದಾರಿಯಲ್ಲಿ ಏನಾದರೂ ಕೆಟ್ಟರೆ ಬೋಲ್ಟು ಬಿಚ್ಚುವ ಪಾನಾ ಎತ್ತಿಕೊಡುವುದು. ಇದನ್ನೆಲ್ಲ ಆಕೆ ಎಂದೂ ದೊಡ್ಡದು ಮಾಡಿ ಹೇಳಿದವಳಲ್ಲ. ನಾನೂ ಅದನ್ನು ದೊಡ್ಡದೆಂದು ತಿಳಿದಿರಲಿಲ್ಲ.

ಆ ವರ್ಷ ನಮ್ಮ ಶಾಲೆಯಿಂದ ಹತ್ತೊಂಬತ್ತು ಮಕ್ಕಳು ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಕೂರುವವರಿದ್ದರು. ಅವರಲ್ಲಿ ಐದು ಹುಡುಗಿಯರು. ಆ ಊರಿನಿಂದ ಹುಡುಗಿಯರು ಆ ಪರೀಕ್ಷೆಗೆ ಹೋಗುತ್ತಿದ್ದುದು ಅದೇ ಮೊದಲು. ಪರೀಕ್ಷೆ ಕುಷ್ಟಗಿಯಲ್ಲಿ. ಅಷ್ಟು ದೂರ ಹೆಣ್ಣುಮಕ್ಕಳನ್ನು ಕಳಿಸಲು ಯಾರೂ ಒಪ್ಪಿರಲಿಲ್ಲ. ಎರಡು ತಿಂಗಳು ಸಂಜೆ ಸಂಜೆ ಮನೆ ಮನೆ ತಿರುಗಿದೆ. ಕಡೆಗೆ ನನ್ನ ಮಾತಿನಿಂದ ಅವರು ಒಪ್ಪಲಿಲ್ಲ. ಚಿಗವ್ವ ತಾನೂ ಜೊತೆಗೆ ಹೋಗುತ್ತೇನೆ ಅಂದದ್ದಕ್ಕೆ ಒಪ್ಪಿದರು. ಆ ಐವರಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿ ಒಬ್ಬಳಿದ್ದಳು. ಅವಳ ಅಪ್ಪ ಮಾತ್ರ "ನೋಡೂಣ್ರಿ" ಎಂದಷ್ಟೇ ಹೇಳಿದ್ದ.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಬಸ್ಸು ನಿಂತುಹೋದವು. ಮುಷ್ಕರ ಅಂದರು. ಆಗ ಕಾಕಾ ತಾವಾಗಿಯೇ ಬಂದು, "ಅಕ್ಕೋರ, ಬಸ್ಸಿನ ಚಿಂತಿ ಬಿಡ್ರಿ. ನಮ್ಮ ಲಾರ್ಯಾಗ ಒಯ್ಯೂಣು, ಮಕ್ಕಳನ್ನ ನಾ ಕರಕೊಂಡು ಹೋಗತೀನಿ" ಅಂದರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಶನಿವಾರ ಸಂಜೆ ಯಲಬುರ್ಗಾದಿಂದ ಲಾರಿ ಮರಳಿ ಬಂದಾಗ ಊರ ಹೊರಗಿನಿಂದಲೇ ಒಂದು ಸಪ್ಪಳ ಕೇಳಿಸಿತು. ಟಣ್... ಟಣ್... ಯಾರೋ ಲಾರಿಯ ಹೊಟ್ಟೆಯೊಳಗೆ ಕುಳಿತು ಸುತ್ತಿಗೆಯಿಂದ ಬಡಿದಂತೆ. ದಾರಿಯಲ್ಲಿ ಸಪ್ಪಳ ಶುರುವಾದಾಗ ಏನೆಂದು ನೋಡಲು ಕಾಕಾ ಕೆಳಗಿಳಿದು ಬಗ್ಗಿದ್ದರಂತೆ. ಬಗ್ಗಿದವರ ಟೊಂಕ ಹಿಡಿದುಕೊಂಡುಬಿಟ್ಟಿತ್ತು. ಹೇಗೋ ಸೀಟಿಗೆ ಹತ್ತಿ, ಆಮೆಯಂತೆ ಲಾರಿ ನಡೆಸಿಕೊಂಡು ಮನೆ ಮುಟ್ಟಿದ್ದರು. ಓಣಿಯ ಇಬ್ಬರು ಸೇರಿ ಅವರನ್ನು ಇಳಿಸಿ ಹೊರಸಿನ ಮೇಲೆ ಮಲಗಿಸಿದರು.

"ಹಿಂದಿನ ಕ್ರಾಸ್ ಹೋಗೈತಿ," ಅಂದರು ಕಾಕಾ, ಹಲ್ಲು ಕಚ್ಚಿಕೊಂಡು. "ಮುಂದಿಂದೂ ಒಣಗೈತಿ, ಅದರ ಸುಳುವು ನನಗ ಮೊದಲ ಇತ್ತು."

ಕ್ರಾಸ್ ಅಂದರೇನೆಂದು ನನಗೆ ಅಂದೇ ತಿಳಿದದ್ದು. ಲಾರಿಯ ಮುಂದಿನ ಗೇರ್ ಪೆಟ್ಟಿಗೆಯಿಂದ ಹಿಂದಿನ ಗಾಲಿಗಳವರೆಗೆ ಒಂದು ಉದ್ದನೆಯ ಕಬ್ಬಿಣದ ಕೊಳವೆ ತಿರುಗುತ್ತದೆ. ಅದಕ್ಕೆ ಶಾಫ್ಟ್ ಅನ್ನುತ್ತಾರೆ. ರಸ್ತೆಯ ತಗ್ಗುದಿನ್ನೆಗೆ ಗಾಲಿ ಏರಿಳಿದರೂ ಶಾಫ್ಟು ಬಾಗಿಕೊಂಡು ತಿರುಗುತ್ತಲೇ ಇರಬೇಕು. ಅದಕ್ಕಾಗಿ ಅದರ ಎರಡೂ ತುದಿಯಲ್ಲಿ ಕೀಲು. ಪ್ರತಿ ಕೀಲಿನ ನಡುವೆ ಕೂಡಿಸುವ ಚಿಹ್ನೆಯ ಆಕಾರದ ಗಟ್ಟಿ ಉಕ್ಕಿನ ತುಂಡು, ಅದೇ ಕ್ರಾಸ್. ಅದು ಮುರಿದರೆ ಶಾಫ್ಟು ಕಳಚಿ ಬೀಳುತ್ತದೆ. ಮುಂದಿನ ತುದಿ ಕಳಚಿದರಂತೂ ಅದು ರಸ್ತೆಗೆ ಚುಚ್ಚಿಕೊಂಡು ಲಾರಿಯನ್ನೇ ಎತ್ತಿ ಒಗೆಯಬಹುದು. ಹಾಗೆ ಮಗುಚಿದ ಲಾರಿಯೊಂದನ್ನು ಕಾಕಾ ಕಣ್ಣಾರೆ ಕಂಡಿದ್ದರು.

ಹೊಸ ಕ್ರಾಸ್ ಎರಡು ಮನೆಯಲ್ಲೇ ಇದ್ದವು. ಎಂದಾದರೂ ಬೇಕಾಗುತ್ತವೆ ಎಂದು ಗಂಗಾವತಿಯಿಂದ ತಂದು ಕಾಕಾ ಗೋಡೆಯ ಮಾಡದಲ್ಲಿ ಇಟ್ಟಿದ್ದರು. ಆದರೆ ಹಾಕುವವರು ಯಾರು? ಕುಷ್ಟಗಿಯಲ್ಲಿ ಒಬ್ಬ ಮಿಸ್ತ್ರಿ ಇದ್ದ. ಅವನನ್ನು ಕರೆತರಲು ಓಣಿಯ ಒಬ್ಬರು ಸೈಕಲ್ ತುಳಿದುಕೊಂಡು ಹೋದರು. ಭಾನುವಾರ ಮುಂಜಾನೆ ಮರಳಿ ಬಂದು, "ಮಿಸ್ತ್ರಿ ಹೇಮಗುಡ್ಡಕ್ಕ ದೇವಿ ದರ್ಶನಕ್ಕ ಹೋಗ್ಯಾನಂತ್ರಿ. ಬಸ್ ಇಲ್ಲ, ಯಾವಾಗ ಬರ್ತಾನೋ ಗೊತ್ತಿಲ್ಲ" ಅಂದರು. ಪರೀಕ್ಷೆ ಮರುದಿನವೇ. ನಾನು ಕಟ್ಟೆಯ ಮೇಲೆ ಕುಸಿದು ಕುಳಿತೆ.

ಚಿಗವ್ವ ರೊಟ್ಟಿ ಬಡಿಯುವುದನ್ನು ಮುಗಿಸಿ ಕೈ ತೊಳೆದುಕೊಂಡು ಹೊರಗೆ ಬಂದಳು. ಸೀರೆಯ ನೆರಿಗೆ ಎತ್ತಿ ಹಿಂದಕ್ಕೆ ಕಚ್ಚೆ ಹಾಕಿದಳು. "ಅಕ್ಕೋರ, ಇವತ್ತ ಸಾಲಿ ಸೂಟಿ ಅಲ್ರಿ? ಜರಾ ನನ್ನ ಜೋಡಿ ಬರ್ರಿ," ಅಂದಳು.

ಹೊರಸಿನೊಂದಿಗೇ ಎತ್ತಿ ತಂದು ಬೇವಿನ ನೆರಳಿನಲ್ಲಿ ಇಟ್ಟಿದ್ದ ಕಾಕಾ ತಲೆ ಮಾತ್ರ ಹೊರಳಿಸಿ, "ಏನ್ ಮಾಡಾಕ ಹೊಂಟೀ?" ಅಂದರು.

"ಕ್ರಾಸ್ ಹಾಕತೀನ್ರಿ."

"ನೀ ಹಾಕತಿ? ಇಷ್ಟ ದಿನ ನೋಡೀದಿ ಖರೇ. ನೋಡಿದಂಗ ಅಲ್ಲದು, ಮಾಡೂದು."

"ಹೌದ್ರಿ. ಅದಕ್ಕ ಇವತ್ತ ನೀವು ನೋಡ್ರಿ, ನಾ ಮಾಡತೀನಿ."

ಕಾಕಾ ನಗಲಿಲ್ಲ, ಬೈಯಲೂ ಇಲ್ಲ. ಶಾಲೆಯಲ್ಲಿ ನಾನು ಮಕ್ಕಳನ್ನು ಕೇಳುವಂತೆ ಕೇಳಿದರು, "ಹಂಗಾರ ಹೇಳು, ಮೊದಲ ಏನ್ ಮಾಡ್ತಿ?"

ಚಿಗವ್ವ ಬಾವಿಯ ಹತ್ತಿರ ಹೋಗಿ ದಪ್ಪ ಕಲ್ಲೊಂದನ್ನು ಹೊತ್ತು ತಂದು ಲಾರಿಯ ಗಾಲಿಗೆ ಕೊಟ್ಟಳು. ಮತ್ತೊಂದು ತಂದಳು. ಎಲ್ಲ ಗಾಲಿಗಳಿಗೂ ಎರಡೂ ಕಡೆಯಿಂದ ಕಲ್ಲು ಬಿಗಿದ ಮೇಲೆ ನನ್ನ ಕಡೆ ತಿರುಗಿ, "ಶಾಫ್ಟ್ ಬಿಚ್ಚಿದ ಮ್ಯಾಲ ಗೇರ್ ಹಾಕಿದ್ರೂ ಗಾಡಿ ನಿಲ್ಲಂಗಿಲ್ರಿ ಅಕ್ಕೋರ. ಇಲ್ಲಿ ಇಳಿಜಾರ ಐತಿ, ಅಡ್ಯಾಗ ನಾವಿರತೀವಿ," ಅಂದಳು. ಕಾಕಾ ಕಣ್ಣು ಮುಚ್ಚಿ ತಲೆಯಾಡಿಸಿದರು.

ಗೋಣಿಚೀಲ ಹಾಸಿಕೊಂಡು ಇಬ್ಬರೂ ಲಾರಿಯ ಅಡಿಗೆ ತೆವಳಿದೆವು. ಹುಟ್ಟಿದಾಗಿನಿಂದ ನಾನು ಅಂಥ ಜಾಗ ನೋಡಿರಲಿಲ್ಲ. ಮುಖದ ಮೇಲೆ ಒಂದು ಮೊಳ ಎತ್ತರದಲ್ಲಿ ಕರಿ ಜಿಡ್ಡು ಹಿಡಿದ ಕಬ್ಬಿಣ. ಕೆಟ್ಟ ಕೀಲಿನ ಸುತ್ತ ಕುಂಕುಮ ಚೆಲ್ಲಿದಂತೆ ತುಕ್ಕಿನ ಪುಡಿ. ಚಿಗವ್ವ ಚಂಚಿಯಿಂದ ಸುಣ್ಣದ ಡಬ್ಬಿ ತೆಗೆದಳು. ಬೆರಳ ತುದಿಯಲ್ಲಿ ಸುಣ್ಣ ಮುಟ್ಟಿಸಿ ಶಾಫ್ಟಿನ ಮೇಲೊಂದು ಗೆರೆ, ಅದರ ನೇರಕ್ಕೆ ಅದು ಕೂಡುವ ಜಾಗದಲ್ಲಿ ಇನ್ನೊಂದು ಗೆರೆ ಎಳೆದಳು. ಇನ್ನೊಂದು ತುದಿಗೂ ಹಾಗೆಯೇ. "ಬಿಚ್ಚಿದ್ದು ಹೆಂಗಿತ್ತೋ ಹಂಗ ಕೂಡಬೇಕ್ರಿ. ಜರಾ ತಿರುಗಿ ಕೂತ್ರೂ ಗಾಡಿ ಮೈಯೆಲ್ಲ ನಡಗತೈತಿ," ಅಂದಳು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮಾಡಿದ್ದನ್ನು ಮರೆಯದಂತೆ ಗುರುತು ಹಾಕಿಡುವುದನ್ನು ನಾನು ಅಷ್ಟು ಅಚ್ಚುಕಟ್ಟಾಗಿ ಯಾರಲ್ಲೂ ಕಂಡಿರಲಿಲ್ಲ.

ಶಾಫ್ಟಿನ ಎರಡೂ ತುದಿಗೆ ಬಿಗಿದಿದ್ದ ಬೋಲ್ಟುಗಳು ಜಗ್ಗಲಿಲ್ಲ. ಸೀಮೆಎಣ್ಣೆ ಹನಿಸಿ ಕಾದಳು. ಅವಸರ ಮಾಡಲಿಲ್ಲ. ಎಲೆಅಡಿಕೆ ಹಾಕಿಕೊಂಡು ಅಲ್ಲೇ ಅಂಗಾತ ಮಲಗಿದ್ದು, ಆಮೇಲೆ ಪಾನಾದ ಬಾಲಕ್ಕೆ ಕೊಳವೆ ಸಿಕ್ಕಿಸಿ ಒಂದೇ ಸಲ ಎಳೆದಳು. ಕಿರ್ರೆಂದು ಮೊದಲನೆಯದು ಬಿಟ್ಟಿತು. ಎಂಟೂ ಬೋಲ್ಟು ಬಿಚ್ಚುವ ಹೊತ್ತಿಗೆ ಬಿಸಿಲೇರಿತ್ತು. ಶಾಫ್ಟು ಕಳಚಿದಾಗ ಒಂದು ತುದಿ ಆಕೆಯ ಎದೆಯ ಮೇಲೆ, ಇನ್ನೊಂದು ನನ್ನ ಎರಡೂ ಅಂಗೈ ಮೇಲೆ. ಅದರ ಭಾರಕ್ಕೆ ನನ್ನ ಮೊಣಕೈಗಳು ನೆಲಕ್ಕೆ ಒತ್ತಿದವು. "ಅಂಜಬ್ಯಾಡ್ರಿ, ಕೂಸಿನ್ನ ಇಳಿಸಿದಂಗ ಇಳಿಸ್ರಿ," ಅಂದಳು. ಇಳಿಸಿದೆವು.

ಕಾಕಾ ಕ್ರಾಸ್ ತೆಗೆಯುವಾಗ ಕೀಲಿನ ಕೆಳಗೆ ಒಂದು ದಪ್ಪ ಕೊಳವೆಯ ತುಂಡು ಕೊಟ್ಟು ಬಡಿಯುತ್ತಿದ್ದರಂತೆ. ಕ್ರಾಸಿನ ನಾಲ್ಕು ತುದಿಗೂ ಟೊಪ್ಪಿಗೆಯಂತೆ ಒಂದೊಂದು ಉಕ್ಕಿನ ಬಟ್ಟಲು ಇರುತ್ತದೆ. ಬಡಿದಾಗ ಅದು ಜಾರಿ ಆ ಕೊಳವೆಯೊಳಗೆ ಬೀಳಬೇಕು. ಹುಡುಕಿದರೆ ಆ ತುಂಡೇ ಇಲ್ಲ. ಕಾಕಾ ಅದನ್ನು ಎಲ್ಲಿಟ್ಟೆನೆಂದು ನೆನಪಿಸಿಕೊಳ್ಳುತ್ತಿರುವಾಗಲೇ ಚಿಗವ್ವ ಅಂಗಳದ ಒಳಕಲ್ಲಿನ ಕಡೆ ನೋಡಿದಳು. "ಒಳ್ಳು ಐತೆಲ್ರಿ!" ಅಂದಳು. ಖಾರ ಕುಟ್ಟುವ ಒಳ್ಳಿನ ಬಾಯಿಯ ಮೇಲೆ ಕೀಲನ್ನು ಕೂರಿಸಿ, ಬಟ್ಟಲು ಜಾರದಂತೆ ಹಿಡಿದಿದ್ದ ಲಾಕುಗಳನ್ನು ಇಕ್ಕಳದಿಂದ ತೆಗೆದು, ಸುತ್ತಿಗೆ ಎತ್ತಿದಳು. ನಾಲ್ಕನೆಯ ಏಟಿಗೆ ಹಳೆಯ ಬಟ್ಟಲು ಠಣ್ಣನೆ ಒಳ್ಳಿನೊಳಗೆ ಬಿತ್ತು. ಹೊರಸಿನ ಮೇಲಿಂದ ಕಾಕಾ, "ಅಬ್ಬಬ್ಬಾ!" ಅಂದರು. ಇಷ್ಟು ವರ್ಷ ಲಾರಿ ನಡೆಸಿದ ಅವರಿಗೆ ಹೊಳೆಯದೇ ಇದ್ದದ್ದು ಅದು.

ಹೊಸ ಕ್ರಾಸಿನ ಡಬ್ಬಿಯ ಮೇಲಿನ ನಂಬರನ್ನು ನನ್ನ ಕೈಲಿ ಓದಿಸಿದಳು. ಓದಿಸಿದ ಮೇಲೂ ಸೀರೆಯಿಂದ ಒಂದು ದಾರ ಕಿತ್ತು ಹಳೆಯ ಬಟ್ಟಲು, ಹೊಸ ಬಟ್ಟಲು ಎರಡನ್ನೂ ಸುತ್ತಿ ಅಳೆದಳು. ಬಟ್ಟಲಿನ ಒಳಗೋಡೆಗೆ ಒತ್ತೊತ್ತಾಗಿ ಸೂಜಿಯಂಥ ಸಣ್ಣ ಸಣ್ಣ ಉಕ್ಕಿನ ಕಡ್ಡಿಗಳು ನಿಂತಿರುತ್ತವೆ. ಅವು ಬೀಳದಂತೆ ಗ್ರೀಸು ಹಚ್ಚಿ ಹಿಡಿಸಬೇಕು. ಶ್ಯಾವಿಗೆ ಹೊಸೆದು ಪಳಗಿದ ಆಕೆಯ ಬೆರಳು ಒಂದೊಂದು ಕಡ್ಡಿಯನ್ನೂ ಮುಟ್ಟಿ ಮುಟ್ಟಿ ನೇರ ಮಾಡುತ್ತಿದ್ದವು. ಬೆವರು ಹುಬ್ಬಿನಿಂದ ಇಳಿದು ಮೂಗಿನ ನತ್ತಿನ ಮೇಲೆ ನಿಂತರೂ ಆಕೆ ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಆ ಚುರುಕು ಹುಡುಗಿಯ ಅಪ್ಪ ಬಂದ. ನನ್ನ ಅವತಾರ ನೋಡಿ ಒಂದು ಕ್ಷಣ ಗಲಿಬಿಲಿಯಾದ. "ಅಕ್ಕೋರ, ಲಾರಿ ಕೆಟ್ಟೈತಂತ ಕೇಳಿದೆ. ನಮ್ಮ ಹುಡುಗಿನ ಈ ವರ್ಷ ಕಳಸೂದು ಬ್ಯಾಡಂತ..." ಎಂದು ಶುರು ಮಾಡಿ, ಒಳ್ಳಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತ ಚಿಗವ್ವನನ್ನು ನೋಡಿ ಮಾತು ಅರ್ಧಕ್ಕೆ ಬಿಟ್ಟ. ಕಟ್ಟೆಯ ಮೇಲೆ ಕುಳಿತುಕೊಂಡ.

ನಾಲ್ಕನೆಯ ಬಟ್ಟಲು ಬಡಿದು ಕೂರಿಸುವಾಗ ಅದು ಪೂರಾ ಒಳಗೆ ಹೋಗಲಿಲ್ಲ. ದಾರದಷ್ಟು ಹೊರಗೆ ಉಳಿಯಿತು. ಲಾಕು ಕೂರಲಿಲ್ಲ.

"ಜೋರಾಗಿ ಒಂದು ಏಟು ಹಾಕು, ಕುಂದರತೈತಿ," ಅಂದರು ಕಾಕಾ.

ಚಿಗವ್ವ ಸುತ್ತಿಗೆ ಎತ್ತಿದಳು. ಎತ್ತಿದವಳು ಹಾಗೇ ನಿಂತು, ಅದನ್ನು ಕೆಳಗಿಟ್ಟು, ಹೆಬ್ಬೆರಳಿನಿಂದ ಬಟ್ಟಲನ್ನು ಒತ್ತಿ ನೋಡಿದಳು. "ಇಲ್ರಿ. ಒಳಗ ಒಂದು ಕಡ್ಡಿ ಬಿದ್ದೈತಿ."

"ಕಣ್ಣಿಗೆ ಕಾಣದ್ದು ನಿನಗ ಹೆಂಗ ಗೊತ್ತಾತು? ಹೊಡಿ ಅಂತೀನಿ!"

"ಹೊಡದ್ರ ಮುರೀತೈತ್ರಿ. ನಾಳೆ ದಾರ್ಯಾಗ ಸಪ್ಪಳ ಮಾಡತೈತಿ." ಗಂಡನ ಮಾತಿಗೆ ಆಕೆ ಎದುರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ದನಿ ಮಾತ್ರ ಏರಲಿಲ್ಲ.

ಅರ್ಧ ತಾಸು ಹಿಡಿದ ಕೆಲಸವನ್ನು ಮತ್ತೆ ಬಿಚ್ಚಿದಳು. ಬಟ್ಟಲು ಹೊರಗೆ ಬಂತು. ಬಿಸಿಲಿಗೆ ಹಿಡಿದಳು. ಅದರ ತಳದಲ್ಲಿ, ಗ್ರೀಸಿನ ನಡುವೆ, ಒಂದೇ ಒಂದು ಕಡ್ಡಿ ಅಡ್ಡ ಬಿದ್ದಿತ್ತು. ಆಕೆ ಅದನ್ನು ಯಾರಿಗೂ ತೋರಿಸಲಿಲ್ಲ. ಉಗುರಿನಿಂದ ಎತ್ತಿ ಮತ್ತೆ ಅದರ ಜಾಗದಲ್ಲಿ ನಿಲ್ಲಿಸಿದಳು. ನಾನೇ ಕಾಕಾಗೆ ಕೇಳುವಂತೆ, "ಇತ್ರಿ ಕಾಕಾ, ಕಡ್ಡಿ ಇತ್ತು!" ಎಂದು ಕೂಗಿದೆ. ಕಾಕಾ, "ಇನ್ನ ನಾ ಏನೂ ಹೇಳಂಗಿಲ್ಲ. ನಿನಗ ತಿಳಿದಂಗ ಮಾಡು," ಅಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ... ನನಗೆ ಹೇಗೆ ಹೇಳಬೇಕೋ ತಿಳಿಯದು. ತಮ್ಮ ಮನೆಯಲ್ಲೇ ಇದ್ದ ದೊಡ್ಡವರೊಬ್ಬರನ್ನು ಆಗಷ್ಟೇ ಗುರುತಿಸಿದವರ ದನಿ ಅದು.

ಒಂದು ಕ್ರಾಸ್ ಕೂತಿತು. ಮಧ್ಯಾಹ್ನ ಇಳಿದಿತ್ತು. ಚಿಗವ್ವ ಮುಂದಿನ ಕೀಲನ್ನು ಹಿಡಿದು ಅಲುಗಿಸಿದಳು. ಅದು ಕಟಕಟ ಅಂದಿತು.

"ಅದು ನಾಳೆ ಒಂದ ದಿನ ನಡೀತೈತಿ ಬಿಡು," ಅಂದರು ಕಾಕಾ, ಆಕೆ ದಣಿದದ್ದನ್ನು ನೋಡಿ.

ಆಕೆ ಕಟ್ಟೆಯ ಮೇಲೆ ಕುಳಿತವನ ಕಡೆ ಕಣ್ಣು ಹಾಯಿಸಿದಳು. "ಹತ್ತೊಂಬತ್ತು ಮಕ್ಕಳು ಕುಂದರತಾರ್ರಿ. ಒಂದ ದಿನ ನಡೀತೈತಿ ಅಂತ ಅವರ ಅಪ್ಪಗೋಳಿಗೆ ಹೆಂಗ ಹೇಳೂದ್ರಿ?"

ಎರಡನೆಯ ಕ್ರಾಸನ್ನೂ ಒಳ್ಳಿನ ಮೇಲೆ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಹುಡುಗಿಯ ಅಪ್ಪ ಕಟ್ಟೆಯ ಮೇಲೆ ಇರಲಿಲ್ಲ. ಹೇಳದೆ ಎದ್ದು ಹೋಗಿದ್ದ. ಆ ಹುಡುಗಿಯ ಪರೀಕ್ಷೆ ಮುಗಿದಂತೆಯೇ ಎಂದುಕೊಂಡೆ.

ಸುಣ್ಣದ ಗೆರೆಗೆ ಸುಣ್ಣದ ಗೆರೆ ಹೊಂದಿಸಿ ಶಾಫ್ಟನ್ನು ಮತ್ತೆ ಎತ್ತಿ ಕಟ್ಟಿದಾಗ ಹೊತ್ತು ಮುಳುಗಲು ಬಂದಿತ್ತು. ಓಣಿಯ ಗಂಡಸರು ಕಾಕಾನ ಟೊಂಕಕ್ಕೆ ಧೋತರ ಬಿಗಿದು ಸೀಟಿನ ಮೇಲೆ ಕೂರಿಸಿದರು. ಕೂತ ಮೇಲೆ ಅವರಿಗೆ ಅಷ್ಟು ನೋವಿರಲಿಲ್ಲ. ಚಿಗವ್ವ ಒಂದೊಂದೇ ಕಲ್ಲು ಸರಿಸಿದಳು. ಲಾರಿ ಊರ ಮುಂದಿನ ಆಲದ ಮರದವರೆಗೆ ಹೋಗಿ ಮರಳಿ ಬಂತು. ಆಕೆ ರಸ್ತೆಯ ಅಂಚಿಗೆ ನಿಂತು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದಳು. ಲಾರಿ ಮುಂದೆ ಹಾದುಹೋದ ಮೇಲೆ ಕಣ್ಣು ತೆರೆದು, "ಬರಾಬ್ಬರಿ ಐತಿ," ಅಂದಳು. ಅಷ್ಟೇ. ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಮರುದಿನ ನಸುಕಿನಲ್ಲಿ ಮಕ್ಕಳು ಬಂದರು. ನಾಲ್ಕು ಹುಡುಗಿಯರು. ಲಾರಿ ಹೊರಡಬೇಕು ಅನ್ನುವಾಗ ಓಣಿಯ ತಿರುವಿನಲ್ಲಿ ಆ ಅಪ್ಪ ಕಾಣಿಸಿದ. ಹಿಂದೆ ಎಣ್ಣೆ ಹಚ್ಚಿ ಜಡೆ ಹಾಕಿದ ಮಗಳು, ಕೈಯಲ್ಲಿ ರೊಟ್ಟಿಯ ಗಂಟು. ಅವಳನ್ನು ಎತ್ತಿ ಲಾರಿಯ ಮೇಲೆ ಬಿಟ್ಟು ಚಿಗವ್ವನಿಗೆ, "ನೀ ಮಾಡಿದ ಗಾಡಿ ಅಂತ ಕಳಸಾಕತ್ತೀನಿ ಬೇ ಚಿಗವ್ವಾ," ಅಂದ. ಚಿಗವ್ವ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದಳು.

ದಾರಿಯುದ್ದಕ್ಕೂ ಆಕೆ ಹುಡುಗಿಯರ ನಡುವೆ ಕುಳಿತು ಲಾರಿಯ ಹಲಗೆಯ ಮೇಲೆ ಅಂಗೈ ಊರಿಕೊಂಡೇ ಇದ್ದಳು. ಮಕ್ಕಳು ಲೆಕ್ಕದ ಸೂತ್ರ ಬಾಯಿಪಾಠ ಹೇಳುತ್ತಿದ್ದರು. ಆಕೆ ಕೈಯಿಂದ ಲಾರಿಯ ಹೊಟ್ಟೆಯ ಮಾತು ಕೇಳುತ್ತಿದ್ದಳು. ಕುಷ್ಟಗಿಯಲ್ಲಿ ಮಕ್ಕಳು ಇಳಿದು ಓಡಿದ ಮೇಲೆ, ನೂರಾರು ಜನರ ಎದುರಿಗೇ ಲಾರಿಯ ಅಡಿಗೆ ತೂರಿ ಎರಡೂ ಕೀಲು ಮುಟ್ಟಿ ನೋಡಿ ಬಂದಳು. "ತಣ್ಣಗದಾವ್ರಿ," ಅಂದಳು. ಕೀಲು ಸರಿ ಕೂರದಿದ್ದರೆ ಕಾದು ಸುಡುತ್ತವಂತೆ. ಆಗ ಮೊದಲ ಸಲ ಆಕೆಯ ಮುಖದಲ್ಲಿ ನಗು ಕಂಡೆ. ಬಸ್ಸು ಮತ್ತೆ ಶುರುವಾಗುವವರೆಗೂ ಲಾರಿ ದಿನಾ ಹೋಗಿ ಬಂತು. ಐವರಲ್ಲಿ ನಾಲ್ವರು ಪಾಸಾದರು. ಆ ಚುರುಕು ಹುಡುಗಿ ಮುಂದೆ ಕೊಪ್ಪಳದಲ್ಲಿ ಓದಿ ನರ್ಸ್ ಆದಳು.

ಎರಡು ವರ್ಷದ ನಂತರ ನನಗೆ ಗಂಗಾವತಿಗೆ ವರ್ಗವಾಯಿತು. ಮದುವೆ, ಮಕ್ಕಳು... ಆ ಊರಿಗೆ ಹೋಗಬೇಕು ಹೋಗಬೇಕು ಅನ್ನುತ್ತಲೇ ದಿನ ಕಳೆದವು. ಎಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಗಂಗಾವತಿಯ ಪೇಟೆಯಲ್ಲಿ ಆ ಊರಿನವರೊಬ್ಬರು ಸಿಕ್ಕರು. "ಚಿಗವ್ವಗ ಆರಾಮಿಲ್ರಿ. ಇಲ್ಲೇ ದವಾಖಾನ್ಯಾಗ ಅದಾಳ, ಎಂಟು ದಿನ ಆತು," ಅಂದರು. ಎಂಟು ದಿನದಿಂದ ಆಕೆ ನನ್ನ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದ್ದಳು. ಹಿಡಿದ ತರಕಾರಿ ಚೀಲದೊಂದಿಗೇ ಓಡಿದೆ.

ದವಾಖಾನೆಯ ಬಾಗಿಲಲ್ಲಿ ರಿಜಿಸ್ಟರ್ ಇಟ್ಟುಕೊಂಡು ಕೂತವರು ಕೇಳಿದರು, "ಪೇಶಂಟ್ ಹೆಸರೇನ್ರಿ?"

ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತಿರಲಿಲ್ಲ, ನನಗೆ ಗೊತ್ತೇ ಇರಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದೇ ಗೋಡೆಯ ಈಚೆ ಇದ್ದು, ಆಕೆ ಮಾಡಿದ ರೊಟ್ಟಿ ತಿಂದು, ಒಮ್ಮೆಯೂ ಕೇಳಿರಲಿಲ್ಲ. "ಚಿಗವ್ವ..." ಅಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಹಂಗಂದ್ರ ಹೆಂಗ್ರಿ ಬಾಯಾರ? ಇಲ್ಲಿ ಎಲ್ಲಾರೂ ಯಾರಿಗೋ ಚಿಗವ್ವಗೋಳು."

ವಾರ್ಡು ವಾರ್ಡು ಹುಡುಕಿದೆ. ಒಂದು ಮಂಚ ಖಾಲಿ ಇತ್ತು. ಪಕ್ಕದ ಮಂಚದ ಮುದುಕಿ ಹೇಳಿದಳು: ಉದ್ದನೆಯ ಹೆಣ್ಣುಮಗಳು, ಲಾರಿಯವನ ಹೆಂಡತಿ, ಮುಂಜಾನೆಯೇ ಮನೆಗೆ ಕರೆದುಕೊಂಡು ಹೋದರು. ಮುಂದಿನ ಭಾನುವಾರ ಹೋಗೋಣ ಅಂದುಕೊಂಡೆ. ಶುಕ್ರವಾರವೇ ಸುದ್ದಿ ಬಂತು.

ಆಕೆ ಹೋಗಿ ಇಷ್ಟು ವರ್ಷವಾದ ಮೇಲೆ, ಮೊನ್ನೆ ಆ ನರ್ಸ್ ಹುಡುಗಿಗೆ ಫೋನ್ ಮಾಡಿ ಕೇಳಿದೆ. ಹುಡುಗಿ ಅನ್ನುತ್ತೇನೆ, ಅವಳೂ ಈಗ ನಿವೃತ್ತಳು. ಅವಳಿಗೂ ಗೊತ್ತಿರಲಿಲ್ಲ. ಊರಿನಲ್ಲಿ ಯಾರು ಯಾರನ್ನೋ ವಿಚಾರಿಸಿ ಮರುದಿನ ಹೇಳಿದಳು. ಸಣ್ಣದೊಂದು ಹೆಸರು, ಎರಡೇ ಅಕ್ಷರ, ಕೊನೆಗೊಂದು ಅವ್ವ. ಫೋನ್ ಇಟ್ಟ ಮೇಲೆ ಒಬ್ಬಳೇ ಕುಳಿತು ಅದನ್ನು ಒಂದೆರಡು ಸಲ ಅಂದು ನೋಡಿದೆ. ಇಲ್ಲಿ ಬರೆಯಲು ಮನಸ್ಸಾಗಲಿಲ್ಲ. ಆಕೆ ಓಗೊಡುವ ಕಾಲದಲ್ಲಿ ನಾನು ಆ ಹೆಸರು ಹಿಡಿದು ಕರೆದವಳಲ್ಲ.